ಎರಡನೆಯ ಅಯಸ್ಕಾಂತ

ಬಜಾಜ್ ನಗರದ ಆ ಓಣಿಯಲ್ಲಿ ಮಧ್ವೇಶನನ್ನು ಎಲ್ಲರೂ ‘ಸೈಕಲ್‌ವಾಲೆ ಕಾಕಾ’ ಎಂದೇ ಕರೆಯುತ್ತಿದ್ದರು. ಧಾರವಾಡದಿಂದ ಕೇಂದ್ರ ಸರಕಾರದ ನೌಕರಿಗೆಂದು ನಾಗಪುರಕ್ಕೆ ಬಂದವನು ನಿವೃತ್ತನಾಗುವ ತನಕ ಸೈಕಲ್ ಬಿಡಲಿಲ್ಲ. ಭಾನುವಾರ ಬಂತೆಂದರೆ ಕಾಮಠಿಯ ಆಚೆಗೂ ಒಂದು ಸುತ್ತು ಹೋಗಿ, ಬಿಸಿಲೇರುವ ಮೊದಲು ಹ್ಯಾಂಡಲ್ಲಿಗೆ ಕಿತ್ತಳೆಯ ಚೀಲ ನೇತುಹಾಕಿಕೊಂಡು ಮರಳುತ್ತಿದ್ದ. ಮದುವೆಯಾಗಿರಲಿಲ್ಲ. ತಂದೆ ತೀರಿಕೊಂಡ ಮೇಲೆ ತಂಗಿ ಲೀಲಾಳನ್ನು ಕರೆತಂದು ಓದಿಸಿದ; ಅವಳು ಶಾಲೆಯಲ್ಲಿ ವಿಜ್ಞಾನ ಕಲಿಸುವ ಟೀಚರಾದಳು. ಅವಳಿಗೂ ಮದುವೆ ಕೂಡಿಬರಲಿಲ್ಲ. ಇಬ್ಬರೇ ಆ ಮನೆಯಲ್ಲಿ ಹಾಗೇ ಉಳಿದುಬಿಟ್ಟರು.

ನಿವೃತ್ತಿಯ ದಿನ ಕಚೇರಿಯ ಗೆಳೆಯರು ಅವನ ಸೈಕಲ್ಲಿಗೆ ಒಂದು ಡಿಜಿಟಲ್ ಸ್ಪೀಡೋಮೀಟರ್ ಕೊಟ್ಟಿದ್ದರು. ಅದನ್ನು ಹಾಕಿಕೊಂಡು ಅವನು ಹೆಚ್ಚು ದಿನ ತಿರುಗಲಿಲ್ಲ. ಕಾಲುಗಳು ಸೋಲತೊಡಗಿದವು. ನರದ ಕಾಯಿಲೆ, ಇದಕ್ಕೆ ಔಷಧವಿಲ್ಲ, ಕಾಲಾಡಿಸುತ್ತಿದ್ದರೆ ಇಳಿಗತಿ ತುಸು ತಡವಾದೀತು ಎಂದರು ರಾಮದಾಸಪೇಠದ ಡಾಕ್ಟರು. ಲೀಲಾ ವರಾಂಡದಲ್ಲಿ ಸೈಕಲ್ಲಿನ ಹಿಂದಿನ ಗಾಲಿಯನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿದಳು. ಗಾಲಿಯ ಕಡ್ಡಿಗೊಂದು ಅಯಸ್ಕಾಂತ, ಅದರೆದುರು ಸೈಕಲ್ಲಿನ ಮೈಗೆ ಸೆನ್ಸರು. ಅಯಸ್ಕಾಂತ ಹಾದುಹೋದಾಗಲೆಲ್ಲ ಸೆನ್ಸರು ಸುತ್ತು ಎಣಿಸುತ್ತಿತ್ತು, ಹ್ಯಾಂಡಲ್ಲಿನ ಪುಟ್ಟ ಪರದೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ವೇಗ ತೋರಿಸುತ್ತಿತ್ತು. ಬೆಳಿಗ್ಗೆ ಅವನು ಪೆಡಲ್ ತುಳಿಯುತ್ತ “ಹನ್ನೆರಡು!” ಎಂದು ಕೂಗಬೇಕು, ಅಡಿಗೆಮನೆಯಿಂದ ಅವಳು “ಶಾಬ್ಬಾಸ್!” ಎನ್ನಬೇಕು. ದಿನ ಶುರುವಾಗುತ್ತಿದ್ದುದೇ ಹಾಗೆ.

ಒಂದು ಚಳಿಗಾಲದಲ್ಲಿ ಅವನು ಇಳಿಯುವಾಗ ಸಮತೋಲ ತಪ್ಪಿ ಸೈಕಲ್ ಪಕ್ಕಕ್ಕೆ ಉರುಳಿತು. ಅವನಿಗೆ ಪೆಟ್ಟಾಗಲಿಲ್ಲ, ಸೆನ್ಸರು ಜಜ್ಜಿಹೋಯಿತು. ಬಿಚ್ಚಿ ನೋಡಿದರೆ ಒಳಗಿನ ಜೀರಿಗೆಯಷ್ಟು ಸಣ್ಣ ಗಾಜಿನ ನಳಿಗೆ ಒಡೆದಿತ್ತು. ಅಂಥದ್ದು ಸಿಗುವ ಹೊತ್ತಿಗೆ ಸಂಕ್ರಾಂತಿ ಕಳೆದಿತ್ತು. ಅಷ್ಟು ದಿನ ಅವನು ಪೆಡಲ್ ಮುಟ್ಟಲೇ ಇಲ್ಲ.

ಕೈಯ ಹಿಡಿತವೂ ಸಡಿಲವಾಗಿದ್ದರಿಂದ ಅವನು ಹೇಳಿಕೊಟ್ಟ, ಅವಳು ಬೆಸುಗೆ ಹಾಕಿದಳು.

“ಜಲ್ದಿ ಮಾಡಬ್ಯಾಡ. ಬಿಸಿ ಹೆಚ್ಚಾದ್ರ ಗಾಜು ಸೀಳ್ತದ.”

“ಗೊತ್ತದ ಅಣ್ಣಾ. ನೀ ಸ್ವಲ್ಪ ಬೆಳಕು ಬಿಡು.”

ವೈರು ಕೂಡಿತು. ಅವಳು ಅವನನ್ನು ಸೀಟಿನ ಮೇಲೆ ಕೂರಿಸಿದಳು. ಅವನು ಹಲ್ಲು ಕಚ್ಚಿ ತುಳಿದ. ಪರದೆಯ ಮೇಲೆ ಆರು ಬಂತು. ಆರರ ಮೇಲೆ ಏರಲೇ ಇಲ್ಲ.

ಅವನು ಪರದೆಯನ್ನು ಬೆರಳಿನಿಂದ ತಟ್ಟಿ ನೋಡಿದ. ಕಡೆಗೆ, “ರಿಪೇರಿ ಬರೋಬರ್ ಆಗಿಲ್ಲ ಕಾಣಸ್ತದ,” ಎಂದ.

ಬೆಸುಗೆ ಸರಿಯಿತ್ತೆಂದು ಲೀಲಾಳಿಗೆ ಗೊತ್ತಿತ್ತು. ಅವನ ಮುಖ ನೋಡಿ ಮಾತ್ರ ಹಾಗೆನ್ನಲು ಬಾಯಿ ಬರಲಿಲ್ಲ. “ಹೌದು, ಎಲ್ಲೋ ತಪ್ಪೇದ. ನಾಳೆ ನೋಡ್ತೀನಿ,” ಎಂದಳು.

ಮರುದಿನ ಅವನು ಸ್ನಾನಕ್ಕೆ ಹೋದಾಗ ಇನ್ನೊಂದು ಅಯಸ್ಕಾಂತ ತಂದು ಮೊದಲನೆಯದರ ಎದುರಿನ ಕಡ್ಡಿಗೆ ಬಿಗಿದಳು. ಈಗ ಗಾಲಿ ಒಮ್ಮೆ ಸುತ್ತಿದರೆ ಸೆನ್ಸರು ಎರಡೆಂದು ಎಣಿಸುತ್ತಿತ್ತು. “ಹನ್ನೆರಡು!” ಎಂದು ವರಾಂಡದಿಂದ ಕೂಗು ಬಂತು. ಅವಳು ಸೌಟು ಹಿಡಿದುಕೊಂಡೇ “ಶಾಬ್ಬಾಸ್” ಎಂದಳು.

ಅಣ್ಣ ಅರಳಿದ. ಹಾಲಿನವನಿಗೆ ಹೇಳಿದ, ಎದುರುಮನೆಯವರಿಗೆ ಹೇಳಿದ. ಊಟ ಹೆಚ್ಚಿತು. ನಾಲ್ಕು ದಿನ ಸಂತೋಷವಾಗಿರಲಿ, ಆಮೇಲೆ ಹೇಳಿದರಾಯಿತು ಎಂದು ಲೀಲಾ ದಿನ ದೂಡಿದಳು.

ಫೆಬ್ರವರಿಯಲ್ಲಿ ಒಂದು ದಿನ ಅವಳು ಪಾಠ ಮಾಡುತ್ತಿದ್ದಾಗ ಶಾಲೆಗೆ ಫೋನ್ ಬಂತು. ಮಧ್ವೇಶ ಸೈಕಲ್ಲನ್ನು ಸ್ಟ್ಯಾಂಡಿನಿಂದ ಇಳಿಸಿಕೊಂಡು ಒಬ್ಬನೇ ರಸ್ತೆಗೆ ಹೊರಟಿದ್ದ. ತಿರುವಿನಲ್ಲಿ ಬಿದ್ದು ಸೊಂಟದ ಹತ್ತಿರ ತೊಡೆಯ ಮೂಳೆ ಮುರಿದಿತ್ತು.

ಆಸ್ಪತ್ರೆಯಲ್ಲಿ ಆಪರೇಷನ್ ಆದ ಮೇಲೆ ಅವಳು ಅವನ ಹಾಸಿಗೆಯ ಪಕ್ಕ ನಿಂತು ಎಲ್ಲವನ್ನೂ ಹೇಳಿದಳು. ಅವನು ಛಾವಣಿ ನೋಡುತ್ತ ಕೇಳಿದ.

“ಖರೇ ಎಷ್ಟಿತ್ತು?”

“ಆರು.”

“ಆರು ಅಂತ ಗೊತ್ತಿದ್ರ ನಾ ಗ್ವಾಡಿ ಹಿಡಕೊಂಡು ಅಡ್ಡಾಡ್ತಿದ್ದೆ, ಲೀಲಾ. ಹನ್ನೆರಡರ ಮನಷ್ಯಾ ಅಂತ ತಿಳಕೊಂಡು ಹೊರಗ ಹೋದೆ.”

ಬೈಯಲಿಲ್ಲ. ಬೈದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳು.

ಮನೆಗೆ ಬಂದ ಮೇಲೆ ಅವನು ಏಳಲಿಲ್ಲ. ಅವಳು ಕೆಲಸಕ್ಕೆ ದೀರ್ಘ ರಜೆ ಹಾಕಿ ಮೈ ಒರೆಸಿದಳು, ತುತ್ತು ಕೊಟ್ಟಳು. ಮಾತಿಗೇನೂ ಕೊರತೆಯಿರಲಿಲ್ಲ. ಆದರೆ ಜ್ವರ ನೋಡಲು ಥರ್ಮಾಮೀಟರ್ ಇಟ್ಟು ತೆಗೆದಾಗಲೆಲ್ಲ ಅವನು ಕೈ ಚಾಚುತ್ತಿದ್ದ. “ತಾ ಇಲ್ಲೆ, ನಾನ ನೋಡ್ತೀನಿ.” ಗಾಜಿನ ಕಡ್ಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಾನೇ ಓದುತ್ತಿದ್ದ. ಆಗ ಲೀಲಾ ಬೇರೆ ಕಡೆ ನೋಡುತ್ತಿದ್ದಳು.

ಮಳೆಗಾಲದಲ್ಲಿ ಎದೆಗೆ ಕಫ ಕಟ್ಟಿತು. ಒಂದು ಮಧ್ಯಾಹ್ನ ಥರ್ಮಾಮೀಟರಿಗೆ ಚಾಚಲು ಅವನ ಕೈ ಮೇಲೇಳಲಿಲ್ಲ. ಅವನು ಕಣ್ಣು ಅರ್ಧ ತೆರೆದು ಕೇಳಿದ.

“ಎಷ್ಟದ?”

ಅವಳು ಓದಿದಳು. ಮತ್ತೊಮ್ಮೆ ಓದಿ, ಇದ್ದುದನ್ನೇ ಹೇಳಿದಳು.

“ನೂರಾ ಮೂರು, ಅಣ್ಣಾ.”

“ಹೂಂ,” ಎಂದು ಅವನು ಕಣ್ಣು ಮುಚ್ಚಿದ. ಎರಡು ದಿನಕ್ಕೆ ತೀರಿಕೊಂಡ.

ಧಾರವಾಡದ ಬಳಗದವರು ಬಾ ಎಂದು ಕರೆದರು. ಲೀಲಾ ಹೋಗಲಿಲ್ಲ. ಅದೇ ಮನೆಯಲ್ಲಿದ್ದು ಶಾಲೆಗೆ ಹೋಗಿ ಬರತೊಡಗಿದಳು. ಆ ಮಧ್ಯಾಹ್ನದ ‘ಹೂಂ’ ಎಂದರೆ ಕ್ಷಮಿಸಿದೆ ಎಂದೋ, ಬರೀ ಕೇಳಿಸಿತು ಎಂದೋ, ಅವಳಿಗೆ ಕಡೆಗೂ ತಿಳಿಯಲಿಲ್ಲ.