ಬೈರಾಸು ಮುಚ್ಚಿದ ಕಿಂಡಿ

ಶನಿವಾರ, ಬೆಳಗಿನ ಐದೂವರೆ. ಸಿದ್ಧಕಟ್ಟೆಯ ಮನೆಯ ಜಗಲಿಯಲ್ಲಿ ಅರುವತ್ತೆಂಟರ ಭೋಜಣ್ಣ ಹನ್ನೆರಡು ಅಡಿಯ ಪರದೆಗೆ ಇಸ್ತ್ರಿ ಹಾಕುತ್ತಿದ್ದಾರೆ. ಪರದೆ ಎಂದರೆ ನಾಲ್ಕು ಬಿಳಿ ಮುಂಡು ಸೇರಿಸಿ ಹೊಲಿದದ್ದು. "ಒಂದು ಸುಕ್ಕು ಉಳಿದ್ರೆ ಹೀರೋನ ಮೂಗು ಸೊಟ್ಟ ಕಾಣ್ತದೆ ಮಾರಾಯ್ರೆ. ಅಳುವಲ್ಲಿ ಮಕ್ಕಳು ನಗ್ತಾರೆ," ಎಂದು ಅವರ ಜೊತೆ ಒಂದು ದಿನ ಕಳೆಯಲು ಬಂದ ನನಗೆ ಹೇಳುತ್ತಾರೆ.

ಮೂಡುಬಿದಿರೆಯ ಟಾಕೀಸಿನಲ್ಲಿ ಅವರು ಇಪ್ಪತ್ತಾರು ವರ್ಷ ಆಪರೇಟರ್. ಟಾಕೀಸು ಬಾಗಿಲು ಹಾಕಿತು, ಇವರು ಹಾಕಲಿಲ್ಲ. ಪುಟ್ಟ ಪ್ರೊಜೆಕ್ಟರನ್ನು ಸ್ಕೂಟರಿಗೆ ಕಟ್ಟಿಕೊಂಡು ಬಂಟ್ವಾಳ, ಬೆಳ್ತಂಗಡಿಯ ಶಾಲೆಗಳಲ್ಲಿ ಹಳೆಯ ಚಿತ್ರ ತೋರಿಸುತ್ತಾರೆ. ಕಳೆದ ವರ್ಷ ನಲವತ್ತೊಂದು ಶಾಲೆ. ಸನ್ಮಾನ ಎಲ್ಲೂ ಆಗಿಲ್ಲ, ಚಾ ಅವಲಕ್ಕಿ ಎಲ್ಲ ಕಡೆ ಸಿಕ್ಕಿದೆ.

ಇವತ್ತಿನ ಶಾಲೆ ವೇಣೂರಿನದು. ಮಗಳು ಸುಪ್ರೀತಾ ಅಲ್ಲಿ ಟೀಚರ್. ಭೋಜಣ್ಣನಿಗೆ ಹೆದರಿಕೆ ಅದೇ.

ಸುಪ್ರೀತಾಗೆ ನಾಲ್ಕು ವರ್ಷವಿದ್ದಾಗ ತಾಯಿ ರಾಜೀವಿ ತೀರಿಕೊಂಡರು. ನೋಡಿಕೊಳ್ಳಲು ಜನವಿಲ್ಲದೆ ಮಗು ಅಪ್ಪನ ಜೊತೆ ಟಾಕೀಸಿನ ಪ್ರೊಜೆಕ್ಟರ್ ಕ್ಯಾಬಿನ್ನಿಗೆ ಬಂತು. ಅಪ್ಪನ ಒಂದು ಕೈಯಲ್ಲಿ ರೀಲು, ಇನ್ನೊಂದರಲ್ಲಿ ಗಂಜಿಯ ಬಟ್ಟಲು. ಸ್ಟೂಲು ಹತ್ತಿ ಗೋಡೆಯ ಕಿಂಡಿಯಲ್ಲಿ ಅವಳು ಸಿನಿಮಾ ನೋಡುತ್ತಿದ್ದಳು. ಆಗ ಬಂದ ಒಂದು ಚಿತ್ರದಲ್ಲಿ, ಕಲ್ಲು ಒಡೆದು ಮಗಳನ್ನು ಓದಿಸುವ ಅಪ್ಪ ಕೊನೆಗೆ ಆಸ್ಪತ್ರೆಯಲ್ಲಿ ಸಾಯುತ್ತಾನೆ. ಆ ಭಾಗ ಬಂದಾಗಲೆಲ್ಲ ಭೋಜಣ್ಣ ಹೆಗಲ ಮೇಲಿನ, ಮೈ ಒರೆಸುವ ಬೈರಾಸನ್ನು ಕಿಂಡಿಗೆ ಅಡ್ಡ ಕಟ್ಟಿ, ಉಳಿದ ಕತೆಯನ್ನು ತಾವೇ ಹೇಳುತ್ತಿದ್ದರು: ಅಪ್ಪ ಗುಣವಾಗಿ ಮನೆಗೆ ಬಂದ.

"ಅವಳಮ್ಮ ಆಸ್ಪತ್ರೆಗೆ ಹೋದವಳು ಬರಲಿಲ್ಲ. ಅಪ್ಪನೂ ಬರುವುದಿಲ್ಲ ಅಂತ ಹೇಗೆ ತೋರಿಸುವುದು, ನೀವೇ ಹೇಳಿ. ಈಗ ಅವಳೇ ಅದೇ ಸಿನಿಮಾ ಬೇಕು ಅಂದಿದ್ದಾಳೆ. ಕೊನೆಗೆ ಕರೆಂಟ್ ಹೋಯ್ತು ಅಂತ ಹೇಳಿಬಿಡುವ ಅಂತ ಉಂಟು."

ವೇಣೂರಿನ ತರಗತಿಯಲ್ಲಿ ಆಸ್ಪತ್ರೆಯ ದೃಶ್ಯ ಬಂದಾಗ ಅವರ ಕೈ ನಿಜಕ್ಕೂ ಸ್ವಿಚ್ಚಿಗೆ ಹೋಗುತ್ತದೆ. ಸುಪ್ರೀತಾ ಬಂದು ಆ ಕೈ ಹಿಡಿಯುತ್ತಾರೆ.

"ಇರಲಿ ಅಪ್ಪ. ನಿಮ್ಮ ಬೈರಾಸಿನಲ್ಲಿ ತೂತು ಇತ್ತು. ನಾನು ಆಗಲೇ ಎಲ್ಲ ನೋಡಿದ್ದೇನೆ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಹೇಳುವ ಕತೆ ನಂಗೆ ಬೇಕಿತ್ತು."

ಚಿತ್ರ ಕೊನೆಯವರೆಗೂ ಓಡುತ್ತದೆ. ಮಕ್ಕಳು ಮೂಗು ಒರೆಸಿಕೊಳ್ಳುತ್ತಾರೆ. ಎಲ್ಲರಿಗಿಂತ ಜೋರಾಗಿ ಅಳುವವರು ಭೋಜಣ್ಣ. "ಎಂಥ ಆಪರೇಟರ್ ನಾನು!" ಎಂದು ತಮಗೇ ಬೈದುಕೊಳ್ಳುತ್ತಾರೆ.

ಅರ್ಧ ದಿನದ ಶಾಲೆ ಮುಗಿದಿದೆ, ಪರದೆ ಮಡಚಿಯಾಗಿದೆ. ಸ್ಕೂಟರ್ ಬಿಡುವುದು ಸುಪ್ರೀತಾ. ಪ್ರೊಜೆಕ್ಟರನ್ನು ಮಡಿಲಲ್ಲಿ ಇಟ್ಟುಕೊಂಡು ಹಿಂದೆ ಕೂತ ಭೋಜಣ್ಣ ನನ್ನತ್ತ ತಿರುಗಿ ನಗುತ್ತಾರೆ.

"ನಾನು ಹೇಳಿದ್ದು ಸುಳ್ಳಲ್ಲ ಮಾರಾಯ್ರೆ. ಅಪ್ಪ ಮನೆಗೆ ಹೋಗ್ತಾ ಇದ್ದಾನೆ, ನೋಡಿ."