ಕೆಳಗಿನ ಸಾಲಿನ ಸುಲೋಚನಮ್ಮ

ಚಳ್ಳಕೆರೆಯ ತಾಲ್ಲೂಕು ಕಚೇರಿ ರಸ್ತೆಯಲ್ಲಿ ಡಿಟಿಪಿ ಅಂಗಡಿಗಳಿಗೇನೂ ಬರವಿಲ್ಲ. ಆದರೂ ಲಗ್ನಪತ್ರಿಕೆ ಎಂದರೆ ಜನ ಸುಲೋಚನಮ್ಮನ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತಾರೆ. ಅವರು ಟೈಪ್ ಮಾಡಿದ್ದರಲ್ಲಿ ತಪ್ಪು ಹುಡುಕುವುದು ದಂಡದ ಕೆಲಸ ಎಂಬ ಮಾತು ಊರಲ್ಲಿದೆ. ಆ ಮಾತನ್ನು ಎಲ್ಲರಿಗಿಂತ ಹೆಚ್ಚು ಹಬ್ಬಿಸಿದವರು ಸುಲೋಚನಮ್ಮನವರೇ. ಹಾಗಂತ ಅದು ಸುಳ್ಳೇನಲ್ಲ.

ಗಂಡ ವಿಶ್ವನಾಥ್ ಎಣ್ಣೆ ವ್ಯಾಪಾರದಲ್ಲಿ ಮುಳುಗಿದ್ದ ಕಾಲದಲ್ಲಿ ಅವರು ಹಟ ಹಿಡಿದು ಟೈಪಿಂಗ್ ಕಲಿತರು. ಟೈಪಿಂಗ್ ಶಾಲೆಯಲ್ಲಿ ಮಿಷನ್ನಿನ ಕೀಲಿಗಳ ಮೇಲೆ ಬಟ್ಟೆ ಹೊದಿಸುತ್ತಿದ್ದರು. ಕಣ್ಣು ಕಾಗದದ ಮೇಲಿರಬೇಕು, ಬೆರಳಿಗೆ ತನ್ನ ದಾರಿ ತನಗೇ ಗೊತ್ತಿರಬೇಕು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದರೂ ಆ ರೂಢಿ ಹೋಗಲಿಲ್ಲ. ಪರದೆಯನ್ನು ಪದೇ ಪದೇ ನೋಡುವವರನ್ನು ಕಂಡರೆ ಅವರಿಗೆ ಈಗಲೂ ಮೈ ಉರಿಯುತ್ತದೆ.

ಮಗ ಮಹಾಂತೇಶನ ಹೆಂಡತಿಯಾಗಿ ಬಂದ ಐಶ್ವರ್ಯ ಮೊಳಕಾಲ್ಮೂರಿನ ಸೀರೆ ವ್ಯಾಪಾರದ ಮನೆಯವಳು. ಬಂದವಳು ಅಡುಗೆಮನೆಗಿಂತ ಅಂಗಡಿಯನ್ನೇ ಹೆಚ್ಚು ಇಷ್ಟಪಟ್ಟಳು. ಸುಲೋಚನಮ್ಮನಿಗೂ ಬೇಕಾಗಿದ್ದದ್ದು ಅದೇ. ಅವಳು ಕಂಪ್ಯೂಟರಿಗೆ ಟೈಪ್ ಮಾಡುವ ಹೊಸ ತಂತ್ರಾಂಶ, ಎಡಿಟರ್ ಒಂದನ್ನು ಹಾಕಿದಳು. ಅದರಲ್ಲಿ ಯಾವ ಕೀಲಿ ಒತ್ತಿದರೆ ಏನಾಗಬೇಕೆಂದು ನಾವೇ ಬರೆದಿಡಬಹುದಿತ್ತು.

"ಕಂಪನಿಯೋರು ಬರ್ದಿರೋದೂ ಐತೆ ಅತ್ತೆ. ಆದ್ರೆ ನಾವು ಬರ್ದಿದ್ದೇ ಅದಕ್ಕಿಂತ ದೊಡ್ಡದು," ಎಂದು ಐಶ್ವರ್ಯ ವಿವರಿಸಿದಳು.

"ಮನೆ ನಮ್ದು ಅಂದ್ಮೇಲೆ ನಮ್ಮ ಮಾತೇ ನಡೀಬೇಕು," ಎಂದು ಸುಲೋಚನಮ್ಮ ಒಪ್ಪಿದರು.

ಕಂಟ್ರೋಲ್ ಹಿಡಿದು ಎಲ್ ಒತ್ತಿದರೆ ಹೊಸ ಸಾಲಿನಲ್ಲಿ 'ಶ್ರೀಮತಿ ಮತ್ತು ಶ್ರೀ' ಎಂದು ಬೀಳಬೇಕು, ಆಮೇಲೆ ಹೆಸರೊಂದನ್ನು ಹೊಡೆದರೆ ಸಾಕು ಎಂದು ಅವರು ಬರೆಸಿಕೊಂಡರು. ಸುಖಾಗಮನ ಬಯಸುವ ಬಂಧುಗಳ ಪಟ್ಟಿ ಎಷ್ಟೇ ಉದ್ದವಿದ್ದರೂ ಅವರ ಕೈ ನೀರು ಹರಿದಂತೆ ಹರಿಯುತ್ತಿತ್ತು.

ಕೆಲವು ತಿಂಗಳ ನಂತರ ಆ ಕೈ ಮೋಸ ಮಾಡತೊಡಗಿತು. ತಲೆಯೆತ್ತಿ ನೋಡಿದರೆ ಹೊಡೆದ ಹೆಸರುಗಳೇ ಇರುತ್ತಿರಲಿಲ್ಲ. ಸುಲೋಚನಮ್ಮ ಯಾರಿಗೂ ಹೇಳಲಿಲ್ಲ. ಬೆರಳಿಗೆ ಎಣ್ಣೆ ತಿಕ್ಕಿಕೊಂಡರು, ಕನ್ನಡಕ ಬದಲಾಯಿಸಿದರು. ಸೊಸೆಯೂ ಬಾಯಿ ಬಿಡಲಿಲ್ಲ. ಅತ್ತೆಗೆ ವಯಸ್ಸಾಯಿತೆಂದುಕೊಂಡು, ಅವರು ಊಟಕ್ಕೆ ಹೋದಾಗ ಕಾಣೆಯಾದ ಹೆಸರುಗಳನ್ನು ಸದ್ದಿಲ್ಲದೆ ಸೇರಿಸಿಡುತ್ತಿದ್ದಳು. ಅದು ಸುಲೋಚನಮ್ಮನ ಕಣ್ಣಿಗೆ ಬಿತ್ತು. ಸೊಸೆ ತನ್ನ ತಪ್ಪನ್ನು ಮುಚ್ಚುತ್ತಿದ್ದಾಳೆಂದು ಅವರಿಗೆ ಗೊತ್ತಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರು, ಈ ಕನಿಕರವನ್ನು ತಡೆಯಲಾಗಲಿಲ್ಲ. ಜಂಬುಲಿಂಗಪ್ಪನ ಮಗಳ ಪತ್ರಿಕೆಯೇ ತನ್ನ ಕೊನೆಯ ಕೆಲಸ, ಆಮೇಲೆ ಕುರ್ಚಿ ಸೊಸೆಗೆ ಎಂದು ತೀರ್ಮಾನಿಸಿ ಮನೆಯಲ್ಲಿ ಹೇಳಿಯೂ ಬಿಟ್ಟರು.

ಜಂಬುಲಿಂಗಪ್ಪ ಕೊಂಡ್ಲಹಳ್ಳಿಯ ಶೇಂಗಾ ಬೆಳೆಗಾರರು, ಅನುಮಾನದ ಮನುಷ್ಯ. ಮನೆಯ ಹಿರಿಯರ ಹೆಸರು ಎಲ್ಲಿ ಕೆಳಗೆ ಬಿದ್ದುಬಿಡುತ್ತದೋ ಎಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತರು. ಪರದೆಯ ಸಣ್ಣಕ್ಷರ ಕಾಣದ್ದರಿಂದ ಅವರು ನೋಡುತ್ತಿದ್ದದ್ದು ಸುಲೋಚನಮ್ಮನ ಕೈಯನ್ನು. ಸುಲೋಚನಮ್ಮ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೊಡೆದು ತಲೆಯೆತ್ತಿದರು. ಕಡೆಗೆ ಹೊಡೆದ ಹೆಸರೊಂದು ಬಿಟ್ಟರೆ ಪರದೆಯ ಮೇಲೆ ಒಬ್ಬ ಹಿರಿಯರೂ ಇರಲಿಲ್ಲ.

"ನನ್ನ ಕೈ ಹೋಯ್ತು ಕಣ್ರಿ. ನನ್ನ ಸೊಸೆ ಹತ್ರ ಮಾಡಿಸ್ಕಳ್ರಿ," ಎಂದು ಸುಲೋಚನಮ್ಮ ಎದ್ದರು.

"ಕೈಗೇನಾಗೈತೆ ತಾಯಿ? ನಾನು ಅವಾಗ್ಲಿಂದ ಅದನ್ನೇ ನೋಡ್ತಾ ಕುಂತೀನಿ. ಪ್ರತಿ ಸಲನೂ ಅದೇ ಎರಡು ಗುಂಡಿಗೇ ಬೀಳ್ತೈತೆ. ಒಂದ್ ಸಲನೂ ಆಚೀಚೆ ಆಗಿಲ್ಲ," ಎಂದರು ಜಂಬುಲಿಂಗಪ್ಪ.

ಸುಲೋಚನಮ್ಮ ಮತ್ತೆ ಕೂತು, ಜೀವನದಲ್ಲಿ ಮೊದಲ ಬಾರಿಗೆ ಪರದೆಯನ್ನೇ ನೋಡುತ್ತ ಒಂದು ಹೆಸರು ಹೊಡೆದು ಕಂಟ್ರೋಲ್ ಎಲ್ ಒತ್ತಿದರು. ಸಾಲು ಮಾಯವಾಯಿತು.

"ಐಶ್ವರ್ಯ, ಆ ಕೀಲಿ ಬರ್ದಿಟ್ಟಿರೋದನ್ನ ತೆಗಿ."

ಐಶ್ವರ್ಯ ಕಡತ ತೆರೆದಳು. ಮೊದಲು ಅತ್ತೆಯ ಕೀಲಿಗಳು, ಅವುಗಳ ಕೆಳಗೆ ಅವಳವು. ವಾಟ್ಸಾಪಿನಲ್ಲಿ ಗಿರಾಕಿಗಳು ಕಳಿಸುವ ಬರಹದ ತುಂಬ ಹೂವು, ಕೈಮುಗಿಯುವ ಚಿತ್ರಗಳ ಸಾಲುಗಳಿರುತ್ತವೆ. ಅಂಥ ಸಾಲನ್ನು ಅಳಿಸಲು ಆಮೇಲೊಂದು ದಿನ ಅವಳೂ ಕಂಟ್ರೋಲ್ ಎಲ್ಲನ್ನೇ ಬರೆದುಕೊಂಡಿದ್ದಳು.

"ನಿಮ್ದು ಮ್ಯಾಲೆ ಐತಲ್ಲ, ನಿಮ್ದೇ ನಡೀತೈತೆ ಅಂದ್ಕೊಂಡಿದ್ದೆ ಅತ್ತೆ," ಎಂದವಳು, ಮೇಲಿನಿಂದ ಕೆಳಗೆ ಬೆರಳಾಡಿಸುತ್ತ ತಡವರಿಸಿದಳು. "ಇದು ಹಂಗಲ್ಲ. ಒಂದೇ ಕೀಲಿಗೆ ಎರಡು ಬರ್ದಿದ್ರೆ ಕೆಳಗಿರೋದನ್ನೇ ಹಿಡ್ಕೊಂತೈತೆ. ನಾನು ಯೋಚ್ನೆನೇ ಮಾಡ್ಲಿಲ್ಲ. ನಾನು ಅಳಿಸ್ತಿದ್ದಾಗೆಲ್ಲ ಸರಿಯಾಗೇ ಅಳೀತಿತ್ತು."

"ನನ್ನನ್ನ ಯಾಕೆ ಮ್ಯಾಲೆ ಬರ್ದೆ?"

"ದೊಡ್ಡೋರು ನೀವು. ನನ್ನ ಕೆಳಗೆ ನಿಮ್ಮನ್ನ ಹೆಂಗ್ ಬರೀಲಿ?"

"ಸರಿಯಾಗೇ ಮಾಡೈತಲ್ಲ ಹುಡುಗಿ," ಎಂದು ಜಂಬುಲಿಂಗಪ್ಪ ತಲೆದೂಗಿದರು. ಸುಲೋಚನಮ್ಮ ಅವರ ಕಡೆ ನೋಡಿದ ರೀತಿಗೆ ಅವರು ಸ್ಟೂಲನ್ನು ಒಂದಿಷ್ಟು ಹಿಂದಕ್ಕೆ ಸರಿಸಿಕೊಂಡರು.

ಸುಲೋಚನಮ್ಮನಿಗೆ ಸಿಟ್ಟು ಬಂತು, ನಗು ಬಂತು, ಎಲ್ಲಕ್ಕಿಂತ ಹೆಚ್ಚಾಗಿ ಹೋದ ಜೀವ ಬಂದಂತಾಯಿತು. ಕೈ ಕೆಟ್ಟಿರಲಿಲ್ಲ. ಐಶ್ವರ್ಯಳ ಕಣ್ಣು ತುಂಬಿತ್ತು. ತನ್ನ ಸಾಲನ್ನು ಅಳಿಸಿಬಿಡುತ್ತೇನೆಂದು ಅವಳು ಕೈ ಚಾಚಿದಳು. ಸುಲೋಚನಮ್ಮ ಆ ಕೈ ಹಿಡಿದರು.

"ನಿಂದನ್ನ ಬೇರೆ ಕೀಲಿಗೆ ಹಾಕ್ಕೋ. ನನ್ನನ್ನ ಕೆಳಕ್ಕಿಳ್ಸು. ಮ್ಯಾಲೆ ಕೂರ್ಸಿ ಕೈ ಕಟ್ಟಿದ್ದು ಸಾಕು, ನಾನಿನ್ನೂ ಕೆಲಸ ಮಾಡೋಳು."

ಐಶ್ವರ್ಯ ಹಿಂಜರಿಯುತ್ತಲೇ ಅತ್ತೆಯ ಸಾಲುಗಳನ್ನು ಎಲ್ಲಕ್ಕಿಂತ ಕೆಳಗೆ ತಂದಿಟ್ಟಳು. ಸುಲೋಚನಮ್ಮ ಕುರ್ಚಿಯನ್ನು ಮೇಜಿಗೆ ಒತ್ತಿಕೊಂಡು ಕೂತರು, ಕಣ್ಣನ್ನು ಕಾಗದದ ಮೇಲಿಟ್ಟರು, ಮತ್ತು ಜಂಬುಲಿಂಗಪ್ಪನ ಹಿರಿಯರನ್ನೆಲ್ಲ ಒಬ್ಬರ ಕೆಳಗೊಬ್ಬರಂತೆ ಹೊಡೆಯುತ್ತ ಹೋದರು. ಮುಗಿಯುವವರೆಗೂ ಒಮ್ಮೆಯೂ ತಲೆ ಎತ್ತಲಿಲ್ಲ.