ಮದ್ದಿಗೆ ಸಗಣಿ ಕಲಸಿದ ಮನೆ

ನಮ್ಮೂರಲ್ಲಿ ಎಲ್ಲರೂ ಸಗಣಿಯ ಕುಳ್ಳನ್ನು ಬೀದಿಗೆ ಕಾಣುವ ಗೋಡೆಗೆ ತಟ್ಟುತ್ತಿದ್ದರು. ನಮ್ಮವ್ವ ಮಾತ್ರ ಹಿತ್ತಲಲ್ಲಿ ತಟ್ಟುತ್ತಿದ್ದಳು, ಅದೂ ಬಾಗಿಲು ಹಾಕಿಕೊಂಡು. ಅವಳ ಕೈಯಲ್ಲಿ ಸಗಣಿ ಕಂಡರೆ ಸಾಕು, ಹಾದುಹೋಗುವವರು ಯಾರಾದರೂ "ಇನ್ನೂ ಕಲಸೂದು ಮುಗದಿಲ್ಲೇನವಾ?" ಎಂದು ಕೇಳಿ ನಗುತ್ತಿದ್ದರು.

ಬೈಲಹೊಂಗಲ ಸೀಮೆಯ ಮಕ್ಕಳಿಗೆ ಕಿತ್ತೂರಿನ ಕಥೆ ಶಾಲೆಗೆ ಹೋಗುವ ಮೊದಲೇ ಗೊತ್ತಿರುತ್ತದೆ. ಮೊದಲನೇ ಯುದ್ಧದಲ್ಲಿ ಕಂಪನಿ ಸರಕಾರ ಸೋತಿತು, ಅವರ ಕಲೆಕ್ಟರನೇ ಸತ್ತ. ಎರಡನೇ ಸಲ ದೊಡ್ಡ ದಂಡು ಕಟ್ಟಿಕೊಂಡು ಬಂದು ಕೋಟೆ ಒಡೆದರು, ರಾಣಿಯನ್ನು ಸೆರೆಯಲ್ಲಿಟ್ಟರು. ಆಗ ಕೋಟೆಯ ತೋಪುಗಳು ಹಾರಲಿಲ್ಲವಂತೆ. ಒಳಗಿನವರೇ ಯಾರೋ ತೋಪಿನ ಮದ್ದಿಗೆ ಸಗಣಿ, ನವಣೆ ಕಲಸಿದ್ದರಂತೆ. ಆ ಯಾರೋ ನಮ್ಮ ಮನೆತನದವರು ಎಂದು ಊರು ಯಾವ ಕಾಲದಲ್ಲಿ ತೀರ್ಮಾನಿಸಿತೋ ಗೊತ್ತಿಲ್ಲ. ಸಾಕ್ಷಿಯಿಲ್ಲ, ಆಧಾರವಿಲ್ಲ. ಕಂಪನಿಯವರ ಹತ್ತಿರ ಎಷ್ಟು ತೋಪಿದ್ದವೆಂದು ನಮ್ಮೂರಲ್ಲಿ ಯಾರಿಗೂ ತಿಳಿಯದು. ನಮ್ಮ ಮನೆ ಮಾತ್ರ ಎಲ್ಲರಿಗೂ ಗೊತ್ತು. ಶಾಲೆಯಲ್ಲಿ ಹಾಗೆ ಅಂದವರ ಜಡೆ ಹಿಡಿದು ಜಗ್ಗಿದ್ದೇನೆ. ಅದಕ್ಕೆ ನನಗೆ ಈಗಲೂ ಬೇಸರವಿಲ್ಲ.

ನನ್ನನ್ನು ಸೋದರಮಾವನಿಗೇ ಕೊಟ್ಟಿದ್ದರಿಂದ ನನ್ನ ಮದುವೆಗೆ ಅಡ್ಡಿಯಾಗಲಿಲ್ಲ. ಎಲ್ಲ ಗೊತ್ತಿದ್ದೇ ಮಾಡಿಕೊಂಡವರು ಅವರು. ತಂಗಿಗೆ ಮಾತ್ರ ನೆಂಟರಲ್ಲಿ ಸರಿಯಾದ ವರನಿರಲಿಲ್ಲ. ಹೊರಗಿನಿಂದ ನೋಡಲು ಬಂದವರು ಅವಲಕ್ಕಿ ತಿಂದು, "ತಿಳಸ್ತೇವ್ರಿ" ಎಂದು ಎದ್ದು, ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಮ್ಮ ಬಗ್ಗೆ ವಿಚಾರಿಸಿ, ಆಮೇಲೆ ಏನೂ ತಿಳಿಸುತ್ತಿರಲಿಲ್ಲ. ಅಪ್ಪ ಯಾರನ್ನೂ ಬೈಯುತ್ತಿರಲಿಲ್ಲ. ಅವನ ಆ ಮೌನಕ್ಕೇ ನನಗೆ ಹೆಚ್ಚು ಸಿಟ್ಟು ಬರುತ್ತಿತ್ತು.

ಹೋದ ವರ್ಷ ರಾಮದುರ್ಗದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ತಂಗಿಯ ಮನಸ್ಸಿಗೆ ಬಂದಿದ್ದ. ಇದೂ ತಪ್ಪಿದರೆ ಇನ್ನು ಯಾರ ಮುಂದೆಯೂ ಕೂರುವುದಿಲ್ಲ ಎಂದು ಅವಳು ನನಗೆ ಮೊದಲೇ ಹೇಳಿಬಿಟ್ಟಿದ್ದಳು. ಮಾತುಕತೆಯೆಲ್ಲ ಸರಿಹೋಯಿತು. ಅವ್ವ ಎಲೆ ಅಡಿಕೆಯ ತಟ್ಟೆ ತರಲು ಎದ್ದಾಗ ಹುಡುಗನ ಅಜ್ಜಿ ಕೈ ಎತ್ತಿ ತಡೆದರು.

"ತಡೀರಿ. ಬರೂವಾಗ ಚಹಾದಂಗಡ್ಯಾಗ ಒಂದ ಮಾತ ಕೇಳೇವಿ. ಕಿತ್ತೂರ ಮದ್ದಿಗೆ ಸಗಣಿ ಕಲಸಿದವರು ನೀವ ಅಂತಲ್ಲ?"

ಅಪ್ಪ ತಲೆ ತಗ್ಗಿಸಿ, "ಹಂಗ ಅಂತಾರ್ರೀ" ಎಂದ, ಅಷ್ಟೇ. ನಾನಂತೂ ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟಿದ್ದೆ.

ಅಜ್ಜಿ ನಕ್ಕರು. "ಹಂಗಾರ ಛಲೋ ಆತ ಬಿಡ್ರಿ. ನಮ್ಮೂರಾಗ ನಮಗ ನವಣಿ ಕಲಸಿದವರು ಅಂತಾರ!"

ನಮ್ಮಲ್ಲಿ ಮೊದಲು ನಕ್ಕದ್ದು ತಂಗಿ, ಅಡುಗೆಮನೆಯ ಬಾಗಿಲ ಹಿಂದಿನಿಂದ, ನೋಡಲು ಬಂದವರಿದ್ದಾರೆ ಎಂಬುದನ್ನೂ ಮರೆತು. ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನು ಸಿಕ್ಕಿಸಿದ್ದ ಸೆರಗು ಸಡಿಲಿಸಿ ಕೂತೆ.

"ನನ್ನ ಮದಿವ್ಯಾಗೂ ಇದ ರಗಳಿ ಆಗಿತ್ರಿ" ಎಂದರು ಅಜ್ಜಿ. "ಎಷ್ಟ ಊರಾಗ ಇಂಥಾ ಒಂದ ಮನಿ ಮಾಡಿ ಇಟ್ಟಾರೋ! ತೋಪ ತಂದ ಕ್ವಾಟಿ ಒಡದಾಂವ ಆರಾಮ ಹಡಗ ಹತ್ತಿ ಹ್ವಾದ. ಅವನ ಮನಿತನ ಯಾರೂ ಕೇಳಂಗಿಲ್ಲ. ನಾವ ನಾವ ಕೇಳಕೋತ ಕುಂತೇವಿ. ತರ್ರಿ ಆ ಎಲಿ ಅಡಕಿ."

ಎಲೆ ಅಡಿಕೆ ಬದಲಾಯಿಸಿ ಸಂಬಂಧ ಗಟ್ಟಿ ಮಾಡಿಕೊಂಡೆವು. ಇಷ್ಟು ವರ್ಷ ಮನೆಯಲ್ಲಿ ಯಾರೂ ಎತ್ತದಿದ್ದ ಮಾತನ್ನು ಆ ಮುದುಕಿ ಬಂದು ನಡುಮನೆಯಲ್ಲಿ ಹಾಕಿ, ನಗಿಸಿ ಹೋಗಿದ್ದರು. ನನಗೆ ಮೈಯೆಲ್ಲ ಹಗುರಾದಂತಿತ್ತು.

ಬೀಗರನ್ನು ರಾಮದುರ್ಗದ ಬಸ್ಸಿಗೆ ಹತ್ತಿಸಿ ಬಂದ ಅಪ್ಪ, ನಾನು ತಟ್ಟೆಗಳನ್ನು ಎತ್ತುತ್ತಿದ್ದಲ್ಲಿಗೆ ಬಂದು ನಿಂತ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡ.

"ಹಂಗಾರ ನಮ್ಮವರು ಕಲಸಿರಲಿಕ್ಕಿಲ್ಲ ಅಂತೀಯೇನವಾ?"

ಕೈಯಲ್ಲಿದ್ದ ತಟ್ಟೆಗಳನ್ನು ಕೆಳಗಿಟ್ಟೆ. ಊರಿನವರ ಬಾಯಿಗೆ ಹೆದರಿ ಅಪ್ಪ ಸುಮ್ಮನಿದ್ದಾನೆ ಎಂದು ನಾನು ತಿಳಿದಿದ್ದೆ. ಅವನು ಜೀವಮಾನವಿಡೀ ಆ ಮಾತನ್ನು ನಿಜವೆಂದೇ ನಂಬಿಕೊಂಡು ಬಂದಿದ್ದ.

"ಇಲ್ಲಪ್ಪಾ" ಎಂದೆ. "ಕಲಸಿರಲಿಕ್ಕಿಲ್ಲ."

ಅವನು ಅಲ್ಲೇ ಗೋಡೆಗೆ ಆತು ಕೂತು, ಮುಂಡಾಸು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. "ಇನ್ನೊಮ್ಮೆ ಹೇಳು" ಎಂದ.